ಎಷ್ಟು ಖಚಿತ?

"ನೀವು ಪಾಠ ಮಾಡಿದ್ದಕ್ಕೇ ಮಕ್ಕಳು ಕಲಿತರು ಅನ್ನೋದಕ್ಕೆ ಪುರಾವೆ ಏನಿದೆ?"

ಮೊದಲ ಭೇಟಿಯಲ್ಲೇ ಒಬ್ಬ ಗಂಡಸು ಹೀಗೆ ಕೇಳಿದರೆ ಯಾವ ಟೀಚರಿಗೆ ತಾನೇ ಮೈ ಉರಿಯುವುದಿಲ್ಲ ಹೇಳಿ? ಅದೂ ಎಂಬತ್ತು ಮಕ್ಕಳ ಎದುರಿಗೆ, ಅವಳ ಎರಡೂ ಕೈಗೆ ಕಸ ಮೆತ್ತಿಕೊಂಡಿರುವಾಗ...

ಕಸ ಯಾಕೆ ಅಂತೀರಾ? ಅವಳು ಕಾಲೇಜಿನ ಮೊದಲ ವರ್ಷದವರಿಗೆ ಪರಿಸರ ವಿಜ್ಞಾನ ಕಲಿಸುವವಳು. ಪ್ರತಿ ವರ್ಷ ಮೊದಲನೇ ಕ್ಲಾಸಿಗೆ ಕ್ಯಾಂಟೀನಿನ ಕಸದ ಬುಟ್ಟಿ ತಂದು ಮೇಜಿನ ಮೇಲೆ ಸುರಿಯುತ್ತಿದ್ದಳು. ಯಾವುದು ಕೊಳೆಯುತ್ತೆ, ಯಾವುದು ಕೊಳೆಯಲ್ಲ, ನೀವೇ ಬೇರೆ ಮಾಡಿ ಅನ್ನುತ್ತಿದ್ದಳು. ಅದಕ್ಕೇ ಮಕ್ಕಳು ಇಟ್ಟ ಹೆಸರು ಕಸದ ಮೇಡಂ.

ಬಾಗಿಲಲ್ಲಿ ಫೈಲ್ ಹಿಡಿದು ನಿಂತವನು ಮೌಲ್ಯಮಾಪನ ವಿಭಾಗದವನು. ಯಾವ ಪಾಠದಿಂದ ಮಕ್ಕಳು ಎಷ್ಟು ಕಲಿತರು ಅಂತ ಅಳೆಯುವುದೇ ಅವನ ಕೆಲಸ. ಅರ್ಧ ಅಂಕವನ್ನೂ ಬಿಡದ ಅವನಿಗೆ ವಾರದೊಳಗೆ ಪಾಯಿಂಟ್ ಸರ್ ಅಂತ ನಾಮಕರಣವಾಯಿತು.

"ಪುರಾವೆ ಬೇಕಾ ಸರ್? ಬನ್ನಿ, ನೀವೂ ಈ ಕಸ ವಿಂಗಡಿಸಿ."

ಮಕ್ಕಳು ಹೋ ಎಂದು ನಕ್ಕರು. ಅವನು ಫೈಲ್ ಕಿಟಕಿ ಕಟ್ಟೆಯ ಮೇಲಿಟ್ಟು, ಅಂಗಿಯ ತೋಳು ಮಡಚಿ, ನಿಜವಾಗಿಯೂ ಬಂದು ನಿಂತುಬಿಟ್ಟ. ಟೀ ಕುಡಿದ ಕಾಗದದ ಲೋಟವನ್ನು ಕೊಳೆಯುವ ಗುಂಪಿಗೆ ಹಾಕಿದ.

"ತಪ್ಪು," ಅಂದಳು. "ಒಳಗೆ ಪ್ಲಾಸ್ಟಿಕ್ ಪದರ ಇರುತ್ತೆ."

"ನನಗೆ ಖಚಿತ ಇತ್ತು ಮೇಡಂ."

"ಖಚಿತವಾಗಿ ತಪ್ಪೋದೇ ಡೇಂಜರ್ ಸರ್."

ಆ ಒಂದು ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು.

ಸಂಜೆ ಪ್ರಿನ್ಸಿಪಾಲರು ಇಬ್ಬರನ್ನೂ ಕರೆದು ಖಡಾಖಂಡಿತವಾಗಿ ಹೇಳಿದರು. ಟರ್ಮಿನ ಶುರುವಿಗೆ ಒಂದು ಪರೀಕ್ಷೆ, ಕೊನೆಗೆ ಅದೇ ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ಅಂಕ ಏರಿದರೆ ಕೋರ್ಸ್ ಉಳಿಯುತ್ತೆ, ಅವಳ ಕೆಲಸ ಖಾಯಂ ಆಗುತ್ತೆ. ಏರದಿದ್ದರೆ ಎರಡೂ ಇಲ್ಲ.

ಆರು ವರ್ಷದಿಂದ ತಾತ್ಕಾಲಿಕ ಆದೇಶದ ಮೇಲೆ ದುಡಿಯುತ್ತಿದ್ದಳು ಪಾಪ. ಮನೆಯಲ್ಲಿ ಅಮ್ಮ ಬೇರೆ, "ನಿನ್ನ ಆ ಕಸಕ್ಕೆ ಯಾವಾಗಮ್ಮ ಖಾಯಂ ಆಗೋದು?" ಅಂತ ವಾರಕ್ಕೊಮ್ಮೆ ಕೇಳುತ್ತಿದ್ದರು.

ಪ್ರಶ್ನೆಪತ್ರಿಕೆ ಇಬ್ಬರೂ ಕೂತು ಮಾಡಿದರು. ಮೂವತ್ತು ಪ್ರಶ್ನೆ. ಪ್ರತಿ ಉತ್ತರದ ಪಕ್ಕ ಒಂದು ಚಿಕ್ಕ ಚೌಕ: 'ಎಷ್ಟು ಖಚಿತ?' ಅದರಲ್ಲಿ ಒಂದರಿಂದ ಐದರವರೆಗೆ ಒಂದು ಅಂಕಿ ಬರೆಯಬೇಕು. ಒಂದು ಅಂದರೆ ಪೂರ್ತಿ ಖಚಿತ, ಐದು ಅಂದರೆ ಬರೀ ಊಹೆ. ಖಚಿತವಾಗಿ ಸರಿ ಬರೆದರೆ ಪೂರ್ತಿ ಅಂಕ, ಊಹೆ ಮಾಡಿ ಸರಿ ಬಂದರೆ ಅರ್ಧ. ಖಚಿತ ಅಂತ ಹೇಳಿ ತಪ್ಪು ಬರೆದರೆ ಇದ್ದ ಅಂಕವೂ ಕಟ್.

"ಇದು ನಿಮ್ಮ ಮಾತಿನಿಂದಲೇ ಬಂದಿದ್ದು," ಅಂದ.

ಅವಳ ಕೆನ್ನೆ ಬಿಸಿಯಾಯಿತು. ಇಷ್ಟಕ್ಕೆಲ್ಲ ಯಾರಾದರೂ ನಾಚುತ್ತಾರಾ? ಅವಳು ನಾಚಿದಳು.

ಲ್ಯಾಬಿನ ಪಕ್ಕದ ಕೋಣೆಯಲ್ಲಿ ಒಂದೇ ಮೇಜು, ಒಂದೇ ಫ್ಯಾನು. ಅವನು ಅಂಕಿ ಓದುವುದು, ಅವಳು ಬರೆಯುವುದು. ಮೊದಲ ಪರೀಕ್ಷೆಯ ಸರಾಸರಿ ಹದಿಮೂರೂವರೆ. ನಾಲ್ಕು ತಿಂಗಳಲ್ಲಿ ಅವನಿಗೆ ಟೀಗೆ ಸಕ್ಕರೆ ಬೇಡ ಅನ್ನೋದು ಅವಳಿಗೆ ಬಾಯಿಪಾಠ ಆಗಿತ್ತು. ಅವಳು ಸಿಟ್ಟಾದಾಗ ಪೆನ್ನಿನ ಮುಚ್ಚಳ ಕಚ್ಚುತ್ತಾಳೆ ಅನ್ನೋದು ಅವನಿಗೂ.

ಎರಡನೇ ಪರೀಕ್ಷೆಗೆ ವಾರ ಇರುವಾಗ ಅವನು ಕಾಗದ ಜೋಡಿಸುತ್ತಾ, ತಲೆ ಎತ್ತದೆ ಕೇಳಿದ. "ಈ ಕೆಲಸ ಮುಗಿದ ಮೇಲೂ... ನಾನು ಇಲ್ಲಿಗೆ ಬರಬಹುದಾ?"

ಗಾಬರಿಯಲ್ಲಿ ಬಾಯಿಗೆ ಬಂದಿದ್ದು ಆಡಿಬಿಟ್ಟಳು.

"ಯಾಕೆ ಸರ್, ಎಣಿಸೋಕೆ ಇನ್ನೂ ಏನಾದ್ರೂ ಬಾಕಿ ಇದೆಯಾ?"

ಅವನು ಮಾರನೇ ದಿನದಿಂದ ಆ ಕೋಣೆಗೆ ಬರಲಿಲ್ಲ. ಎರಡನೇ ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳ ಕಟ್ಟನ್ನು ತನ್ನ ಆಫೀಸಿಗೇ ತರಿಸಿಕೊಂಡ.

'ನನ್ನ ನಾಲಿಗೆಗೆ ಬೆಂಕಿ ಬೀಳಲಿ,' ಅಂದುಕೊಂಡಳು. ಹೋಗಿ ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಫಲಿತಾಂಶ ಬಂದ ಮಧ್ಯಾಹ್ನ ನೋಟಿಸ್ ಬೋರ್ಡಿನ ಮುಂದೆ ನಿಂತು ಅವಳು ಆ ಅಂಕಿಯನ್ನು ಎರಡೆರಡು ಸಲ ಓದಿದಳು. ಸರಾಸರಿ ಒಂಬತ್ತು. ಹದಿಮೂರೂವರೆಯಿಂದ ಒಂಬತ್ತಕ್ಕೆ! ಅಂದರೆ ನಾಲ್ಕು ತಿಂಗಳು ಪಾಠ ಕೇಳಿ ಮಕ್ಕಳು ಇದ್ದ ಬುದ್ಧಿಯನ್ನೂ ಕಳೆದುಕೊಂಡರು ಅಂತಾಯಿತು.

ನೆಟ್ಟಗೆ ಅವನ ಆಫೀಸಿಗೆ ನುಗ್ಗಿದಳು.

"ಸೇಡು ತೀರಿಸಿಕೊಂಡ್ರಾ?"

"ಏನು ಮಾತಾಡ್ತಿದ್ದೀರಿ ಮೇಡಂ?"

"ಅವತ್ತು ನಾನು ಹಾಗೆ ಅಂದೆ ಅಂತ ನನ್ನ ಅನ್ನಕ್ಕೇ ಕೈ ಹಾಕಿದ್ರಿ ಅಲ್ವಾ? ನನ್ನ ಮಕ್ಕಳು ನನಗೆ ಗೊತ್ತು. ಅವರು ಕಲಿತಿದ್ದಾರೆ."

"ಎರಡು ಸಲ ಎಣಿಸಿದ್ದೀನಿ. ನನಗೂ ನಂಬೋಕೆ ಆಗ್ಲಿಲ್ಲ." ಅವನು ಎದ್ದು ನಿಂತ. "ಅಂಕಿ ತಿದ್ದೋನು ಅಂತ ತಿಳಿದ್ರಾ ನನ್ನ?"

ಬಾಗಿಲು ಎಳೆದುಕೊಂಡು ಬಂದುಬಿಟ್ಟಳು. ದಾರಿಯುದ್ದಕ್ಕೂ ಅತ್ತಳು. ಕೋರ್ಸ್ ಹೋಯಿತಲ್ಲ ಅಂತ ಅತ್ತಳೋ, ಅವನನ್ನು ಹಾಗೆ ಅಂದೆನಲ್ಲ ಅಂತ ಅತ್ತಳೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಕೋರ್ಸಿನ ಗತಿ ತೀರ್ಮಾನಿಸುವ ಮೀಟಿಂಗ್. ಹನ್ನೊಂದು ಹೊಡೆಯುವ ಹೊತ್ತಿಗೆ ಕಾರಿಡಾರಿನಲ್ಲಿ ಕೊನೆ ಬೆಂಚಿನ ಹುಡುಗಿ ಅವಳನ್ನು ತಡೆದು ನಿಲ್ಲಿಸಿದಳು. ಕೈಯಲ್ಲಿ ಅಂಕಪಟ್ಟಿ, ಕಣ್ಣು ಕೆಂಪು.

"ಮೇಡಂ, ನಾನು ಎಲ್ಲದಕ್ಕೂ ಐದು ಹಾಕಿದ್ದೆ. ಇಲ್ಲಿ 'ಬರೀ ಊಹೆ' ಅಂತ ಬಂದಿದೆ. ನಾನು ಊಹೆ ಮಾಡಿಲ್ಲ ಮೇಡಂ. ಓದಿದ್ದೆ."

"ಐದು ಅಂದ್ರೆ ಊಹೆನೇ ಅಲ್ವೇನಮ್ಮ?"

"ಅಯ್ಯೋ, ಇಲ್ಲ ಮೇಡಂ. ಎರಡನೇ ಪೇಪರಲ್ಲಿ ಐದು ಅಂದ್ರೆ ಪೂರ್ತಿ ಖಚಿತ ಅಂತ ಇತ್ತು."

ಅವಳು ಅಂಕಪಟ್ಟಿ ಕಿತ್ತುಕೊಂಡು ನೋಡಿದಳು.

ಎರಡನೇ ಪತ್ರಿಕೆ ಟೈಪ್ ಮಾಡಿದವಳು ಅವಳೇ! ಒಂದು ಅಂದರೆ ಖಚಿತ ಅನ್ನುವುದು ಮಕ್ಕಳಿಗೆ ಗೊಂದಲ ಆಗುತ್ತೆ, ಜಾಸ್ತಿ ಖಚಿತಕ್ಕೆ ಜಾಸ್ತಿ ಅಂಕಿ ಇರಲಿ ಅಂತ ಆ ಒಂದು ಸಾಲನ್ನು ತಿರುಗಿಸಿದ್ದಳು. ಅವನಿಗೆ ಹೇಳಬೇಕು ಅಂದುಕೊಂಡಿದ್ದಳು. ಅಷ್ಟರಲ್ಲಿ ಆ ಹಾಳು ಮಾತು, ಆಮೇಲೆ ಮಾತೇ ಇಲ್ಲ. ಅವನು ಹಳೇ ಲೆಕ್ಕದಲ್ಲೇ ಅಂಕ ಹಾಕಿದ್ದ. ಖಚಿತವಾಗಿ ಸರಿ ಬರೆದವರಿಗೆಲ್ಲ ಅರ್ಧ, ಊಹಿಸಿ ತಪ್ಪಿದವರಿಗೆಲ್ಲ ಕಟ್.

ಮನಸ್ಸಿನ ಮೂಲೆಯಲ್ಲಿ ಒಂದು ದನಿ ಪಿಸುಗುಟ್ಟಿತು. 'ಲೆಕ್ಕ ಹಾಕಿದವನು ಅವನು. ತಪ್ಪೆಲ್ಲ ಅವನದೇ ಅಂದುಬಿಡು. ನಿನ್ನ ಆರು ವರ್ಷ ಉಳಿಯುತ್ತೆ...'

ಸುಳ್ಳು ಯಾಕೆ ಹೇಳಲಿ, ಆ ದನಿಯನ್ನು ಅವಳು ಒಂದು ಗಳಿಗೆ ಕೇಳಿಸಿಕೊಂಡಳು. ಆಮೇಲೆ ಓಡಿದಳು.

ಮೀಟಿಂಗ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನ ದನಿ.

"ಬೆಳಿಗ್ಗೆ ಬಂದು ಪ್ರಶ್ನೆಪತ್ರಿಕೆಯನ್ನೇ ತೆಗೆದು ನೋಡಿದೆ ಸರ್. ಸೂಚನೆ ಬದಲಾಗಿತ್ತು. ನಾನು ಓದದೆ ಅಂಕ ಹಾಕಿದೆ. ಸರಿಯಾದ ಸರಾಸರಿ ಇಪ್ಪತ್ತೊಂದು. ಮಕ್ಕಳು ಚೆನ್ನಾಗಿ ಕಲಿತಿದ್ದಾರೆ. ತಪ್ಪು ನನ್ನದು."

"ಸೂಚನೆ ಯಾರು ಬದಲಾಯಿಸಿದ್ರು?" ಪ್ರಿನ್ಸಿಪಾಲರು ಕೇಳಿದರು.

ಅವನು ಫೈಲ್ ಮುಚ್ಚಿಟ್ಟ.

"ಹೇಳಲ್ಲ ಅಂದ್ರೆ ಪೂರ್ತಿ ಹೊಣೆ ನಿಮ್ಮ ಮೇಲೇ ಬರುತ್ತೆ. ಈ ಜವಾಬ್ದಾರಿಯಿಂದ ನಿಮ್ಮನ್ನ ತೆಗೀಬೇಕಾಗುತ್ತೆ."

"ತೆಗೀರಿ ಸರ್."

ಅವಳು ಬಾಗಿಲು ತಳ್ಳಿದಳು.

"ಬದಲಾಯಿಸಿದ್ದು ನಾನು ಸರ್. ಇವರಿಗೆ ತಿಳಿಸಲಿಲ್ಲ. ನಿನ್ನೆ ಇವರನ್ನೇ ಕಳ್ಳ ಅನ್ನೋ ಹಾಗೆ ಮಾತಾಡಿದೆ. ಖಾಯಂ ಮಾಡದಿದ್ರೆ ಬೇಡ. ಇವರನ್ನ ಮಾತ್ರ ಏನೂ ಅನ್ನಬೇಡಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಇಬ್ಬರನ್ನೂ ದುರುಗುಟ್ಟಿ ನೋಡಿದರು.

"ಕೋರ್ಸ್ ಇರುತ್ತೆ," ಅಂದರು ಕೊನೆಗೆ. "ಆದರೆ ಈ ಅಳತೆ ನಾನು ಒಪ್ಪಲ್ಲ. ಮುಂದಿನ ಟರ್ಮ್ ಎರಡೂ ಪರೀಕ್ಷೆ ಮತ್ತೆ ಆಗಲಿ. ಖಾಯಂ ಆದೇಶ ಅದಾದ ಮೇಲೆ. ಅಳೆಯೋರು ಇವರೇ. ಆ ಕೋಣೆಯಲ್ಲಿ ಇಬ್ಬರೂ ಬಾಯಿ ಬಿಟ್ಟು ಮಾತಾಡಿಕೊಂಡು ಕೆಲಸ ಮಾಡಬೇಕು, ಗೊತ್ತಾಯ್ತಾ?"

ಇನ್ನೂ ಆರು ತಿಂಗಳು ತಾತ್ಕಾಲಿಕ. ಅಮ್ಮನ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಆದರೂ ಅವಳಿಗೆ ಹಗುರ ಅನ್ನಿಸಿತು.

ಲ್ಯಾಬಿನ ಪಕ್ಕದ ಕೋಣೆ. ಅದೇ ಮೇಜು, ಅದೇ ಫ್ಯಾನು. ಅವಳು ಸಕ್ಕರೆ ಇಲ್ಲದ ಟೀ ತಂದು ಅವನ ಮುಂದಿಟ್ಟಳು. ಸ್ಟೀಲ್ ಲೋಟದಲ್ಲಿ.

"ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳೋಕೆ ಮನಸ್ಸು ಬರಲಿಲ್ಲ."

"ನಿನ್ನೆ ನಾನು ಅಂದಿದ್ದು..." ಅವಳ ಕಣ್ಣು ತುಂಬಿತು. "ತಪ್ಪಾಯ್ತು. ಅವತ್ತು ಅಂದಿದ್ದೂ ತಪ್ಪು. ನನಗೆ ಭಯ ಆಗಿತ್ತು, ಬೇಡ ಅಂತ ಇರಲಿಲ್ಲ."

ಅವನು ಲೋಟ ಕೆಳಗಿಟ್ಟ. ಮೊದಲ ಸಲ ನೇರವಾಗಿ ಅವಳ ಕಣ್ಣನ್ನೇ ನೋಡಿದ.

"ಹಾಗಾದ್ರೆ ಅದೇ ಪ್ರಶ್ನೆ ಮತ್ತೆ ಕೇಳ್ತೀನಿ. ಈ ಕೆಲಸ ಮುಗಿದ ಮೇಲೂ ನಾನು ಬರಬಹುದಾ? ಇಲ್ಲಿಗೆ, ನಿಮ್ಮ ಮನೆಗೆ... ನಿಮ್ಮ ಜೀವನಕ್ಕೆ?"

"ಬನ್ನಿ."

"ಎಷ್ಟು ಖಚಿತ?"

ಅವಳು ಪೆನ್ನಿನ ಮುಚ್ಚಳ ಕಚ್ಚಿ ಯೋಚಿಸಿದ ಹಾಗೆ ಮಾಡಿದಳು.

"ಒಂದು."

ಅವನ ಮುಖ ಸಪ್ಪಗಾಯಿತು. ಪಾಪ, ಅಂಕಿ ಎಣಿಸುವವನಿಗೆ ಇಷ್ಟೂ ತಿಳಿಯಬಾರದಾ?

ಅವಳು ಮೇಜಿನ ಮೇಲಿದ್ದ ಅವನ ಕೈ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದಳು.

"ಮೊದಲನೇ ಪತ್ರಿಕೆ ಪ್ರಕಾರ, ಸರ್."