ಏಳನೇ ಮಂಚದ ಉಸಿರು

ಬೇಸಿಗೆ ಆಗಷ್ಟೇ ಶುರುವಾಗಿತ್ತು. ಸೋಮವಾರ ಮಧ್ಯಾಹ್ನ ಮೂರು ಗಂಟೆ. ಆ ಆಸ್ಪತ್ರೆಯಲ್ಲಿ ನೆಲ ಒರೆಸಿ, ಹಾಸಿಗೆ ಬದಲಿಸಿ ಮೂವತ್ತು ವರ್ಷ ಕಳೆದವಳು ನಾನು. ಅಂದು ಆರನೇ ಮಂಚದಲ್ಲಿದ್ದವಳು ನನ್ನ ಒಡಹುಟ್ಟಿದ ತಂಗಿ. ಕಾಲಿನ ಗಾಯ ಕೀವುಗಟ್ಟಿ, ನಂಜು ರಕ್ತಕ್ಕೆ ಏರುವ ಭಯವಿತ್ತು. ಪಕ್ಕದ ಏಳನೇ ಮಂಚ ಖಾಲಿ.

ತಂಗಿ ಓಡಿಬಂದವಳಂತೆ ಏದುತ್ತಿದ್ದಳು. ಪಾದ ತಣ್ಣಗಾಗಿತ್ತು. ನರ್ಸಮ್ಮನನ್ನು ಕರೆದೆ.

"ಜ್ವರ ಇಳಿದಿದೆಯಲ್ಲ ಅಜ್ಜಿ, ಖುಷಿಪಡಿ," ಎನ್ನುತ್ತಾ ಅವರು ಉಸಿರು ನಿಮಿಷಕ್ಕೆ ಹದಿನೆಂಟು ಎಂದು ಬರೆದರು. ನಮ್ಮ ವಾರ್ಡಿನಲ್ಲಿ ಎಣಿಸದೆ ಎಲ್ಲರಿಗೂ ಹದಿನೆಂಟೇ ಬರೆಯುವ ರೂಢಿ.

"ಒಂದ್ಸಲ ಎಣಿಸಿ ತಾಯಿ, ನಿಮಗೆ ಕೈ ಮುಗೀತೀನಿ."

"ನಿಮ್ಮಕ್ಕ ಡಾಕ್ಟರಾಗಬೇಕಿತ್ತು ನೋಡಿ," ಎಂದು ತಂಗಿಯತ್ತ ನಕ್ಕು, ಕಣ್ಣು ಗಡಿಯಾರದ ಮೇಲಿಟ್ಟು ಕಿವಿಯಲ್ಲೇ ಎಣಿಸಿದರು. "ಸರಿಯಾಗಿ ಹದಿನೆಂಟು. ಈಗ ಸಮಾಧಾನ ಆಯ್ತಾ?"

ನಿಧಾನವಾದ ಆ ಉಸಿರು ನನಗೂ ಕೇಳಿಸಿತ್ತು. ಬಂದದ್ದು ಏಳನೇ ಮಂಚದಿಂದ. ತಂಗಿಯ ಎದೆಯ ಮೇಲೆ ಕೈಯಿಟ್ಟು ಎಣಿಸಿದೆ, ನಲವತ್ತು. ಬೆಳಿಗ್ಗೆ ನಾನೇ ಇಟ್ಟಿದ್ದ ಏಳನೇ ಮಂಚದ ದಿಂಬು ಮುಟ್ಟಿದೆ. ತಲೆಯಿಟ್ಟಷ್ಟು ತಗ್ಗಾಗಿತ್ತು, ಬೆಚ್ಚಗಿತ್ತು.

ದೀಪ ಹಚ್ಚುವ ಹೊತ್ತಿಗೆ ಬಂದ ಡಾಕ್ಟರು ತಂಗಿಯ ನಾಡಿ ಹಿಡಿದವರೇ, "ಮಧ್ಯಾಹ್ನವೇ ಯಾಕೆ ಕರೀಲಿಲ್ಲ?" ಎಂದರು. ಡ್ರಿಪ್ ಹಾಕಿದರು, ಔಷಧಿ ಕೊಟ್ಟರು. ಅಷ್ಟರಲ್ಲಿ ಅವಳು ನನ್ನ ಗುರುತು ಮರೆತಿದ್ದಳು. ಪಕ್ಕದ ಉಸಿರು ಮಾತ್ರ ಹಾಗೇ ಆಡುತ್ತಿತ್ತು.

ತಂಗಿ ಬುಧವಾರ ಹೋದಳು. ನರ್ಸಮ್ಮ ಶನಿವಾರ ಕೆಲಸ ಬಿಟ್ಟು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, "ಅವತ್ತು ನಾನು ಎಣಿಸಿದ್ದು ಯಾರ ಉಸಿರು ಅಜ್ಜಿ?" ಎಂದು ಕೇಳಿದರು.