ಅವಳು ಕೇಳದೇ ಓಡಿಹೋದ ಹನ್ನೊಂದು ನಿಮಿಷ

ಕನ್ನಡಕದಂಗಡಿಯ ಕೌಂಟರಿನ ಮೇಲಿದ್ದ ಗಿರಾಕಿಯ ಫೋನು ರಿಂಗಾಗಿದ್ದೇ ತಡ, ಅವಳ ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು.

"ಹೊಳೆ ದಾಟಿ ಬಂದವನೇ, ಒದ್ದೆ ಕಾಲು ಒರೆಸಿಕೊಳ್ಳೋ..."

ಆ ದನಿ... ಅವಳದೇ!

ಹಿಂದೆ ಗಿಟಾರು, ಡ್ರಮ್ಮು. ಪಕ್ಕದಲ್ಲೇ ಯಾರೋ ಕೆಮ್ಮಿದ ಸದ್ದು. ನಡುವೆ, ಮೂರು ವರ್ಷದ ಹಿಂದಿನ ಅವಳ ಗಂಟಲು!

"ಸಾರಿ, ಸ್ವಲ್ಪ ಜೋರಾಯ್ತು" ಎಂದು ಕನ್ನಡಕ ಮಾಡಿಸಲು ಬಂದಿದ್ದ ಯುವಕ ಫೋನನ್ನು ಸುಮ್ಮನಾಗಿಸಿದ. ಅಂಗಿಯ ತೋಳಿನಲ್ಲಿ ಗ್ರೀಸಿನ ಕಲೆ. ಲಿಫ್ಟ್ ಮೆಕ್ಯಾನಿಕ್ ಅಂತ ಆಗಷ್ಟೇ ಫಾರಂನಲ್ಲಿ ಬರೆದಿದ್ದ.

"ಈ ಹಾಡು... ಎಲ್ಲಿ ಸಿಕ್ತು ನಿಮಗೆ?"

"ನಾನೇ ರೆಕಾರ್ಡ್ ಮಾಡಿದ್ದು. ಒಂದು ಬ್ಯಾಂಡ್ ಇತ್ತು, ಜನಪದ ಹಾಡಿಗೆ ಗಿಟಾರು, ಡ್ರಮ್ಮು ಹಾಕಿ ಹಾಡೋರು. ಜನರ ಮಧ್ಯೆ ನಿಂತು, ಜೇಬಿನಲ್ಲಿದ್ದ ಚಿಕ್ಕ ರೆಕಾರ್ಡರ್ ಆನ್ ಮಾಡಿದ್ದೆ, ಅಷ್ಟೆ." ಅವನ ದನಿ ತಗ್ಗಿತು. "ಆಮೇಲೆ... ಆ ಹುಡುಗಿ ತೀರಿಕೊಂಡ್ಲು."

ಏನು?!

"ಯಾರು ಹೇಳಿದ್ದು ನಿಮಗೆ?"

"ಅವರ ಗಿಟಾರಿನವರೇ. ಮುಂದಿನ ಪ್ರೋಗ್ರಾಂ ಯಾವಾಗ ಅಂತ ಕೇಳ್ದೆ. 'ಇನ್ನೆಲ್ಲಿಯ ಪ್ರೋಗ್ರಾಂ? ಅವಳು ಹೋಗ್ಬಿಟ್ಲು' ಅಂದ್ರು. ಕಣ್ಣಲ್ಲಿ ನೀರಿತ್ತು. ಮುಂದೆ ಕೇಳೋಕೆ ನನಗೆ ಬಾಯೇ ಬರಲಿಲ್ಲ."

ಹೋಗ್ಬಿಟ್ಲು! ಬ್ಯಾಂಡ್ ಬಿಟ್ಟು ಹೋಗ್ಬಿಟ್ಲು ಅಂತ ಆ ಪುಣ್ಯಾತ್ಮ ಹೇಳಿದ್ರೆ, ಇವನು ಲೋಕವನ್ನೇ ಬಿಡಿಸಿಬಿಟ್ಟಿದ್ದಾನಲ್ಲ!

ನಗಬೇಕೋ ಅಳಬೇಕೋ ತಿಳಿಯದೆ ಅವಳು ಬಗ್ಗಿ ಸ್ಕ್ರೂಡ್ರೈವರ್ ಹುಡುಕಿದಳು.

"ಅವಳ ಮುಖ ನೋಡಿರಲಿಲ್ವಾ ನೀವು?"

"ಎಲ್ಲಿ ನೋಡ್ಲಿ? ವೇದಿಕೆ ಮೇಲೆ ಒಂದು ಕೆಂಪು ಮಸುಕು ಓಡಾಡ್ತಿತ್ತು, ಅಷ್ಟೆ. ನನಗೆ ದೂರದ್ದು ಕಾಣಲ್ಲ ಅಂತ ಮೊನ್ನೆ ಕಂಪನಿಯವರು ಕಣ್ಣು ಪರೀಕ್ಷೆ ಮಾಡಿಸಿದಾಗ್ಲೇ ಗೊತ್ತಾಗಿದ್ದು!"

ಈಗ ಹೇಳಿಬಿಡಬಹುದಿತ್ತು. 'ಅದು ನಾನೇ' ಅನ್ನೋಕೆ ಎಷ್ಟು ಹೊತ್ತು? ಆದರೆ ಅವಳು ಅವನ ಫಾರಂ ಎತ್ತಿಕೊಂಡು ಮಾತು ಬದಲಿಸಿದಳು.

ಯಾಕಂದರೆ ಆ ಕೊನೆಯ ಸಂಜೆ ಅವಳಿಗೆ ಇನ್ನೂ ಸುಡುತ್ತಿತ್ತು. ಎತ್ತರದ ಸ್ವರದಲ್ಲಿ ಗಂಟಲು ಸೀಳಿಹೋಗಿತ್ತು. ಆಮೇಲೆ... ಸಾವಿರ ಜನ ಒಟ್ಟಿಗೆ ನಕ್ಕಿದ್ದರು! ಮೈಕು ಅಲ್ಲೇ ಬಿಸಾಕಿ ಹಿಂಬಾಗಿಲಿನಿಂದ ಓಡಿದ್ದಳು. ಬ್ಯಾಂಡಿನವರ ಫೋನು ಎತ್ತಲಿಲ್ಲ, ನಂಬರೇ ಬದಲಾಯಿಸಿದಳು. ಸ್ವರತಂತುವಿನಲ್ಲಿ ಎದ್ದಿದ್ದ ಗಂಟನ್ನು ಆಪರೇಷನ್ ಮಾಡಿಸಿ ತೆಗೆಸಿದ ಮೇಲೆ ದನಿ ದಪ್ಪವಾಯಿತು, ಒಡಕಾಯಿತು. ಹಾಡು ನಿಂತಿತು. ಈ ಅಂಗಡಿಯಲ್ಲಿ ಗಾಜು ಉಜ್ಜಿ, ಫ್ರೇಮಿಗೆ ಕೂರಿಸುವ ಕೆಲಸ ಹಿಡಿದಳು.

ಕನ್ನಡಕ ಕೊಟ್ಟ ಮೂರು ದಿನಕ್ಕೆ ಅವನು ಮತ್ತೆ ಬಂದ. ಮೂಗಿನ ಮೇಲೆ ಒತ್ತುತ್ತದಂತೆ.

ವಾರ ಕಳೆದು ಮತ್ತೆ. ಕಿವಿಗೆ ಸಿಕ್ಕಿಸುವ ಕಡ್ಡಿ ಸಡಿಲವಂತೆ.

ಅವಳು ಅವನ ಕಿವಿಯ ಹಿಂದೆ ಬೆರಳಿಟ್ಟು ಕಡ್ಡಿಯ ಬಾಗು ನೋಡುವಾಗ ಇಬ್ಬರೂ ಉಸಿರು ಬಿಗಿ ಹಿಡಿಯುತ್ತಿದ್ದರು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಏನೇನು ಕೂಗುತ್ತಾರೆ ಅಂತ ಅವನು ಅಭಿನಯಿಸಿ ತೋರಿಸಿದರೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಹಾಡಿನ ಹುಡುಗಿಯ ಮಾತು ಬಂದರೆ ಮಾತ್ರ ಅವನ ಕಣ್ಣು ತುಂಬುತ್ತಿತ್ತು.

"ಕಡ್ಡಿ ಇಷ್ಟು ಸಲ ಸಡಿಲ ಆಗೋದು ಅವನ ಕನ್ನಡಕ ಒಂದೇ ಇರ್ಬೇಕು ನೋಡು" ಎಂದು ಅತ್ತಿಗೆ ರೇಗಿಸಿದಳು. ಅಣ್ಣ, ಅತ್ತಿಗೆಯ ಜೊತೆಗೇ ಅವಳ ವಾಸ. "ಬದುಕಿದ್ದೀನಿ ಅಂತ ಹೇಳೋಕೂ ಮುಹೂರ್ತ ನೋಡ್ತಿದ್ದೀಯಾ?"

"ಅವರಿಗೆ ಆ ದನಿ ಇಷ್ಟ ಅತ್ತಿಗೆ. ಈ ದನಿ ಅಲ್ಲ."

ಹೇಳುತ್ತಲೇ ಅವಳಿಗೆ ದಿಗಿಲಾಯಿತು. ಅಯ್ಯೋ... ನಾನು ನನ್ನ ಮೇಲೇ ಹೊಟ್ಟೆಕಿಚ್ಚು ಪಡ್ತಿದ್ದೀನಾ?

ಐದನೇ ವಾರ ಅವನು ರೆಕಾರ್ಡರನ್ನೇ ತಂದು ಕೌಂಟರಿನ ಮೇಲಿಟ್ಟ.

"ಇದು ನಿಮ್ಮ ಹತ್ರ ಇರ್ಲಿ. ಪೂರ್ತಿ ಕೇಳಿ."

"ನಿಮಗೆ ಬೇಡ್ವಾ?"

ಅವನು ಇಯರ್‌ಫೋನ್ ಮುಂದೆ ಚಾಚಿದ.

ಮಧ್ಯಾಹ್ನದ ಹೊತ್ತು, ಅಂಗಡಿ ಖಾಲಿ. ಅವಳು ಅದನ್ನು ಕಿವಿಗಿಟ್ಟು ಗುಂಡಿ ಒತ್ತಿದಳು. ಹಾಡು ಏರಿತು, ಏರಿತು... ಗಂಟಲು ಸೀಳಿತು. ಕಣ್ಣು ಮುಚ್ಚಿಕೊಂಡಳು. ಈಗ ಬರುತ್ತದೆ ಆ ನಗು!

ನಗುವಿಗಿಂತ ಮೊದಲು ಇನ್ನೊಂದು ಸದ್ದು ಬಂತು.

ಧಡಾರ್!

ರೆಕಾರ್ಡರಿನ ಪಕ್ಕದಲ್ಲೇ ಒಬ್ಬ ಹೆಂಗಸಿನ ದನಿ: "ಅಯ್ಯಯ್ಯೋ, ಡ್ರಮ್ಮಿನವನು ಸ್ಟೂಲ್ ಸಮೇತ ಹಿಂದಕ್ಕೆ ಮಗುಚ್ಕೊಂಡ!"

ಆಮೇಲೆ ಸಾವಿರ ಜನರ ನಗು.

ಅವಳು ತಟ್ಟನೆ ಕಣ್ಣು ತೆರೆದಳು. ಅವತ್ತು ವೇದಿಕೆಯಲ್ಲಿ ಅವಳ ಕಾಲ ಬಳಿಯ ಸ್ಪೀಕರು ಅರಚುತ್ತಿತ್ತು. ಬೆನ್ನ ಹಿಂದೆ ಬಿದ್ದವನ ಸದ್ದು ಕೇಳಿಸಿರಲೇ ಇಲ್ಲ! ಅವರು ನಕ್ಕಿದ್ದು... ನನ್ನನ್ನು ನೋಡಿ ಅಲ್ಲ?

ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. "ಹಾಡೋಳು ಎಲ್ಲಿ ಹೋದ್ಲು?" "ನೀರು ಕುಡಿಯೋಕೆ ಹೋಗಿರ್ಬೇಕು, ಪಾಪ." ಹಿಂದಿನ ಸಾಲಿನಿಂದ ಯಾರೋ ಶುರು ಮಾಡಿದರು, 'ಹೊಳೆ ದಾಟಿ ಬಂದವನೇ...' ಇನ್ನೊಬ್ಬರು ಸೇರಿದರು. ನೂರು ಜನ. ಸಾವಿರ ಜನ! ಗಿಟಾರು ಅವರ ಹಿಂದೆ ಹೋಯಿತು. ಅವಳು ಬರಲಿ ಅಂತ ಅವರು ಹಾಡಿದರು... ಹಾಡಿದರು... ಹಾಡುತ್ತಲೇ ಇದ್ದರು. ಹನ್ನೊಂದು ನಿಮಿಷ!

ಆ ಹನ್ನೊಂದು ನಿಮಿಷ ಅವಳು ಆಟೋದಲ್ಲಿ ಕೂತು ಅಳುತ್ತಿದ್ದಳು.

ಮೂರು ವರ್ಷ... ದೇವರೇ, ಮೂರು ವರ್ಷ!

"ಯಾಕೆ? ಏನಾಯ್ತು? ಯಾಕೆ ಅಳ್ತಿದ್ದೀರಿ?" ಅವನು ಗಾಬರಿಯಾದ.

"ಅವರು ನಗಲಿಲ್ಲ!" ಅವಳು ಬಿಕ್ಕಿದಳು. "ನನ್ನನ್ನ ನೋಡಿ ಅವರು ನಗಲೇ ಇಲ್ಲ!"

"ನಿಮ್ಮನ್ನ...?"

"ಅದು ನಾನು. ಸತ್ತಿಲ್ಲ. ಹಾಡು ಬಿಟ್ಟೆ, ಅಷ್ಟೆ."

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಅವಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

"ಐದು ವಾರ... ನಿಮ್ಮ ಎದುರಿಗೇ ನಿಮಗಾಗಿ ಕಣ್ಣೀರು ಹಾಕಿದ್ದೀನಿ. ನೀವು ಗಾಜು ಉಜ್ಜುತ್ತಾ ನೋಡ್ತಾ ಇದ್ರಿ! ತಮಾಷೆಯಾಗಿತ್ತಾ?"

"ಇಲ್ಲ, ಕೇಳಿ..."

ಬಾಗಿಲು ಬಡಿದುಕೊಂಡಿತು. ಅವನು ಹೋಗಿಯಾಗಿತ್ತು.

ಹತ್ತು ದಿನ ಕಡ್ಡಿ ಸಡಿಲವಾಗಲಿಲ್ಲ. ಫೋನು ಬರಲಿಲ್ಲ.

"ಒಂದು ಸಲ ಓಡಿಹೋಗಿ ಮೂರು ವರ್ಷ ಕಳ್ಕೊಂಡೆ" ಎಂದಳು ಅತ್ತಿಗೆ, ಈ ಸಲ ರೇಗಿಸದೆ. "ಈಗ ಸುಮ್ಮನೆ ಕೂತು ಎಷ್ಟು ವರ್ಷ ಕಳ್ಕೊಳ್ತೀಯೆ?"

ಮರುದಿನ ಬೆಳಿಗ್ಗೆ ಅವನ ಕಂಪನಿಯಲ್ಲಿ ವಿಚಾರಿಸಿ, ಒಂದು ಆಫೀಸು ಕಟ್ಟಡದ ನಾಲ್ಕು ಮಹಡಿ ಹತ್ತಿದಳು. ಲಿಫ್ಟಿನ ಬಾಗಿಲು ತೆರೆದಿತ್ತು. ಎರಡು ಮಹಡಿಗಳ ನಡುವೆ ನಿಂತಿದ್ದ ಲಿಫ್ಟಿನ ನೆತ್ತಿಯ ಮೇಲೆ ಅವನು ನಿಂತಿದ್ದ. ಅವಳ ಸೊಂಟದ ಮಟ್ಟದಲ್ಲಿ ಅವನ ತಲೆ, ಭುಜ ಮಾತ್ರ ಕಾಣುತ್ತಿದ್ದವು.

"ಹುಷಾರು! ಹಿಂದೆ ಸರೀರಿ!" ಎಂದು ಕೂಗಿದವನು, ಯಾರೆಂದು ತಿಳಿದು ಕನ್ನಡಕ ಸರಿಮಾಡಿಕೊಂಡ.

ಅವಳು ಒಂದು ಹೆಜ್ಜೆ ಹಿಂದೆ ಸರಿದು ನೆಲದ ಮೇಲೇ ಕೂತುಬಿಟ್ಟಳು. ಈಗ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬಂದವು.

"ತಮಾಷೆ ಮಾಡ್ಲಿಲ್ಲ. ಹೆದರಿದ್ದೆ. ಸತ್ತವಳ ದನಿ ಅಷ್ಟು ಚೆನ್ನಾಗಿತ್ತು... ಬದುಕಿರೋಳದ್ದು ಹೀಗಿದೆ. ಹೇಳಿದ್ರೆ ನೀವು ಬರೋದೇ ನಿಲ್ಲಿಸ್ತೀರಿ ಅಂದ್ಕೊಂಡೆ. ತಪ್ಪಾಯ್ತು."

ಅವನು ಸ್ಪ್ಯಾನರ್ ಕೆಳಗಿಟ್ಟ.

"ಆ ರೆಕಾರ್ಡರ್ ನಿಮಗೆ ಯಾಕೆ ಕೊಟ್ಟೆ ಗೊತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮೂರು ವರ್ಷ ದಿನಾ ಕೇಳ್ತಿದ್ದೆ. ನಿಮ್ಮ ಅಂಗಡಿಗೆ ಬರೋಕೆ ಶುರು ಮಾಡಿದ್ಮೇಲೆ ಆಗ್ಲಿಲ್ಲ. ಹಾಡು ಹಾಕಿದ್ರೆ ಕಿವಿಯಲ್ಲಿ ನಿಮ್ಮ ಈ ಒಡಕು ದನಿನೇ. 'ಮೂಗಿಗೆ ಒತ್ತುತ್ತಾ? ಈಗ ಸರಿಯಾಯ್ತಾ?' ಪಾಪ ಆ ಸತ್ತ ಹುಡುಗಿಗೆ ಮೋಸ ಮಾಡ್ತಿದ್ದೀನಿ ಅನ್ನಿಸ್ತಿತ್ತು. ಅದಕ್ಕೇ ಕೊಟ್ಟುಬಿಟ್ಟೆ." ಅವನು ತಲೆ ತಗ್ಗಿಸಿದ. "ಆಮೇಲೆ ನೋಡಿದ್ರೆ ಇಬ್ಬರೂ ಒಬ್ಬರೇ! ಖುಷಿ ಪಡೋ ಬದಲು ಸಿಟ್ಟು ಮಾಡ್ಕೊಂಡೆ. ಹತ್ತು ದಿನದಿಂದ ನಾಚಿಕೆ ಆಗ್ತಿದೆ."

ಈ ದನಿ? ಈ ಒಡಕು ದನಿ ಬೇಕಾ ಇವರಿಗೆ?!

"ಪ್ರೀತಿ ಮಾಡ್ತೀನಿ ನಿಮ್ಮನ್ನ" ಎಂದ ಅವನು, ಗ್ರೀಸು ಮೆತ್ತಿದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ. "ಸಂಜೆ... ನನ್ನ ಜೊತೆ ಸ್ವಲ್ಪ ದೂರ ನಡ್ಕೊಂಡು ಬರ್ತೀರಾ?"

ಅವಳು ಕಣ್ಣೊರೆಸಿಕೊಂಡು, ಮುಂದೆ ಬಾಗಿ, ಆ ಗ್ರೀಸಿನ ಕೈಯನ್ನೇ ಹಿಡಿದಳು.

"ಬರ್ತೀಯಾ ಅಂತ ಕೇಳಿ."

ಅವನ ಕಿವಿ ಕೆಂಪಾಯಿತು.

"...ಬರ್ತೀಯಾ?"

"ಬರ್ತೀನಿ ಕಣೋ."