ಬೋಲ್ಟುವಿನ ಬಾಲದ ಎಣ್ಣೆ

"ಯಾರೇ ಎಣ್ಣೆ ಅಚ್ಚಿದ್ದು? ನೀನೇ ಅಲ್ವಾ?"

ಮನೆ ಓನರ್ ಸೊಣ್ಣಮ್ಮಜ್ಜಿ ಮಹಡಿ ಮೆಟ್ಟಿಲ ಮೇಲೆ ನಿಂತಿದ್ದರು. ಕಂಕುಳಲ್ಲಿ ಅವರ ಬಿಳಿ ಬೆಕ್ಕು ಬೋಲ್ಟು. ಅದರ ಬಾಲದ ಬುಡದಲ್ಲಿ ಕೂದಲು ಜಿಡ್ಡುಗಟ್ಟಿ ಹಳದಿಯಾಗಿತ್ತು.

"ನಾ ಹಚ್ಚಿಲ್ಲ ಅಜ್ಜಿ," ಎಂದಳು ಕೆಳಗಿನ ಬಾಡಿಗೆ ಮನೆಯ ದಾನೇಶ್ವರಿ.

"ಓದ್ವಾರ ಇದರ ಅಣೆಗೆ ಸ್ಟಿಕ್ಕರ್ ಬೊಟ್ಟು ಇಟ್ಟಿದ್ದು ಯಾರು?"

"ನಾನೇ."

"ಮೀಸೆಗೆ ಪೌಡರ್ ಮೆತ್ತಿದ್ದು?"

"ಅದೂ ನಾನೇ. ಆದ್ರ ಎಣ್ಣಿ ನಾನಲ್ಲ."

"ಇನ್ಮೇಲೆ ಮೇಲಕ್ಕೆ ಬರ್ಬೇಡ."

ಮೇಲೆ ಹೋಗದಿದ್ದರೆ ಬೋಲ್ಟುವೂ ಇಲ್ಲ, ಟೀವಿಯಲ್ಲಿ ಕಾರ್ಟೂನೂ ಇಲ್ಲ. ದಾನೇಶ್ವರಿ ಕಾಲು ಅಪ್ಪಳಿಸುತ್ತ ಒಳಗೆ ಬಂದಳು.

ಹತ್ತನೇ ಕ್ಲಾಸಿನ ಅಣ್ಣ ಬಸಲಿಂಗ ಕನ್ನಡಿ ಮುಂದೆ ನಿಂತು ಮುಖಕ್ಕೆ ಸೋಪು ಉಜ್ಜುತ್ತಿದ್ದ. ಕೆನ್ನೆ ತುಂಬ ಮೊಡವೆ.

"ಏ ಬಜ್ಜಿ, ಬೆಕ್ಕಿಗೆ ಎಣ್ಣಿ ಹಚ್ಚಿದವ ನೀನೇನು? ನಿನ್ನ ಮುಖದಾಗಂತೂ ಬೇಕಾದಷ್ಟು ಐತಿ."

"ಹೋಗಲೇ," ಎಂದ ಬಸಲಿಂಗ. ಮತ್ತೆ ಸೋಪು ಹಚ್ಚಿಕೊಂಡ.

ಮರುದಿನ ಬೋಲ್ಟು ಹಿತ್ತಿಲಿಗೆ ಬಂದಾಗ ದಾನೇಶ್ವರಿ ಹಿಡಿದೇಬಿಟ್ಟಳು. ಅವ್ವನ ಶಾಂಪೂ ಪ್ಯಾಕೆಟ್ ಹರಿದು ಬಾಲ ತಿಕ್ಕಿದಳು. ಕೈತುಂಬ ಪರಚುಗಾಯ. ಆದರೆ ಬಾಲ ಹತ್ತಿಯಂತಾಯಿತು.

"ನೋಡ್ರಿ ಅಜ್ಜಿ, ತೊಳೆದೀನಿ."

"ಅಚ್ಚಿದ್ದಕ್ಕೇ ತಾನೆ ತೊಳೆದಿದ್ದು?" ಎಂದರು ಅಜ್ಜಿ.

ಸಾಲದ್ದಕ್ಕೆ, ಕೆಲವೇ ದಿನಗಳಲ್ಲಿ ಜಿಡ್ಡು ಮತ್ತೆ ಬಂತು. ಬೈಗುಳವೂ ಮತ್ತೆ ಬಂತು.

"ಡಾಕ್ಟರ್‌ಗೆ ತೋರಿಸೂಣು. ಅವ್ರು ನಾನೇ ಹಚ್ಚಿದ್ದು ಅಂದ್ರ ಬೇಕಾದ್ರ ಹೊಡೀರಿ," ಎಂದಳು ದಾನೇಶ್ವರಿ. ಕಣ್ಣಲ್ಲಿ ನೀರಿತ್ತು. ಅಜ್ಜಿ ಆಟೋ ಕರೆಸಿದರು. ಬೋಲ್ಟುವಿನ ಬುಟ್ಟಿ ಹಿಡಿಯಲು ಬಸಲಿಂಗನೂ ಹೊರಟ.

ದನದ ಆಸ್ಪತ್ರೆಯ ಡಾಕ್ಟರಮ್ಮ ಬಾಲ ಎತ್ತಿ ನೋಡಿದರು.

"ಯಾರೂ ಏನೂ ಹಚ್ಚಿಲ್ಲ ಅಜ್ಜಿ. ಇದು ಇದರದೇ ಎಣ್ಣೆ."

"ಬೆಕ್ಕಿನ ಮೈಯಾಗ ಎಣ್ಣಿ ಇರ್ತದ?" ದಾನೇಶ್ವರಿ ಬಾಯಿ ತೆರೆದಳು.

"ಚರ್ಮದಲ್ಲಿ ಎಣ್ಣೆ ಗ್ರಂಥಿಗಳು ಇರ್ತವೆ ಪುಟ್ಟಿ. ಬಾಲದ ಬುಡದಲ್ಲಿ ಜಾಸ್ತಿ. ಗಂಡು ಬೆಕ್ಕು ವಯಸ್ಸಿಗೆ ಬಂದಾಗ ಮೈಯಲ್ಲಿ ಹಾರ್ಮೋನ್ ಏರುತ್ತೆ. ಅದು ಏರಿದ್ರೆ ಗ್ರಂಥಿಗಳೂ ಜಾಸ್ತಿ ಎಣ್ಣೆ ಬಿಡ್ತವೆ. ತೊಳೆದ್ರೂ ಮತ್ತೆ ಬರುತ್ತೆ. ಮರಿ ಆಗದಂಗೆ ಆಪರೇಷನ್ ಮಾಡಿಸಿದ್ರೆ ಎಷ್ಟೋ ಕಡಿಮೆ ಆಗಬಹುದು."

"ಪಾಪ, ಬೇಕೂಂತ ಮಾಡಿದ್ದಲ್ಲ," ಎಂದರು ಅಜ್ಜಿ.

"ಮನುಷ್ಯರಿಗೂ ಇದೇ ಕತೆ. ಆ ವಯಸ್ಸಲ್ಲಿ ಮೊಡವೆ ಬರೋದು ಮತ್ತೆ ಯಾಕೆ?" ಎಂದರು ಡಾಕ್ಟರಮ್ಮ.

ಬಸಲಿಂಗ ಗೋಡೆಯ ಮೇಲಿನ ಎಮ್ಮೆ ಚಿತ್ರವನ್ನೇ ನೋಡತೊಡಗಿದ. ದಾನೇಶ್ವರಿಗೆ ನಗು ಉಕ್ಕಿತು. ಆದರೆ ಅವನ ಕಿವಿ ಕೆಂಪಾದದ್ದು ಕಂಡು ನಗು ಅಲ್ಲೇ ನಿಂತಿತು.

ವಾಪಸ್ ಬರುವಾಗ ಆಟೋದಲ್ಲಿ ಅಜ್ಜಿ ಅವಳ ತಲೆ ಸವರಿದರು. "ಸಂಜೆ ಬಾರೆ, ಟೀವಿ ನೋಡುವಂತೆ." ಆಮೇಲೆ ಬಸಲಿಂಗನ ಕಡೆ ತಿರುಗಿದರು. "ನೀನ್ಯಾಕಪ್ಪಾ ಮುಖ ಇಂಗ್ ಮಾಡ್ಕಂಡಿದ್ದೀಯ? ಬೀದಿ ಬದಿ ಕರಿದಿದ್ದು ತಿಂತೀಯೇನೋ."

ಬಸಲಿಂಗ ತಲೆ ತಗ್ಗಿಸಿದ.

"ಅವ ಏನೂ ಮಾಡಿಲ್ಲ ಅಜ್ಜಿ," ಎಂದಳು ದಾನೇಶ್ವರಿ.

ದನಿ ಎಷ್ಟು ಜೋರಾಗಿತ್ತೆಂದರೆ ಆಟೋ ಡ್ರೈವರ್ ಕನ್ನಡಿಯಲ್ಲಿ ನೋಡಿದ. ಬಸಲಿಂಗನೂ ನೋಡಿದ.

ಸ್ವಲ್ಪ ಹೊತ್ತಿನ ಮೇಲೆ ಅವನು ತನ್ನ ತೊಡೆಯ ಮೇಲಿದ್ದ ಬುಟ್ಟಿ ಎತ್ತಿ, ಬೋಲ್ಟುವಿನ ಸಮೇತ ಅವಳ ತೊಡೆಯ ಮೇಲಿಟ್ಟ.